ಎಮ್ಮೆಗೆಂದು ಒಯ್ದ ಹುಣಸೆ ಸರಿ

ಎಮ್ಮೆ ತಿನ್ನಲಿಲ್ಲ. ನಾವು ತಿಂದೆವು.

ಮುಂಡರಗಿಯ ನಮ್ಮ ಕಂಬಳಿ ಅಂಗಳದಲ್ಲಿ ಹಂಡೆಯ ತಳಕ್ಕೆ ಉಳಿದ ಹುಣಸೆ ಬೀಜದ ಸರಿಯನ್ನು ಹೆಂಗಸರು ಮನೆಯ ಎಮ್ಮೆಗೆ ಒಯ್ಯುತ್ತಿದ್ದರು ಎಂದು ಈಗಲೂ ಹೇಳುವವರಿದ್ದಾರೆ. ಮೊನ್ನೆ ನೇಯ್ಗೆ ಕಲಿಯಲು ಬಂದ ಹುಡುಗಿಯರಿಗೂ ಯಾರೋ ಹಾಗೇ ಹೇಳಿದ್ದರು. “ಆಗಿನ ಕಾಲದಾಗ ಎಮ್ಮಿಗೂ ಎಷ್ಟ್ ಚಲೋ ಮೇವಿತ್ತಲ್ಲಬೇ ಅಜ್ಜಿ” ಎಂದು ಒಬ್ಬಳು ನಕ್ಕಳು. ನಾನು ನಗಲಿಲ್ಲ. ಆ ಹುಡುಗಿಯರು ಈ ಕೆಲಸಕ್ಕೆ ಇಳಿಯುವವರು. ಕೆಲಸ ನಿಜವಾಗಿ ಹೇಗಿತ್ತು ಎಂಬುದನ್ನು ಅವರಿಗೆ ಹೇಳಬೇಕು. ನಾನು ಕಲಿತದ್ದು ನಾಲ್ಕನೇ ಇಯತ್ತೆ, ಅದೂ ಪೂರ್ತಿ ಅಲ್ಲ. ಬಂದ ಹಾಗೆ ಬರೆಯುತ್ತೇನೆ.

ಮೊದಲು ಸರಿ ಎಂದರೆ ಏನು, ಅದನ್ನು ಹೇಳುತ್ತೇನೆ. ಕುರಿಯ ಉಣ್ಣೆಯ ನೂಲಿಗೆ ಮೈಯೆಲ್ಲ ರೋಮ. ಹಾಗೇ ಮಗ್ಗಕ್ಕೆ ಏರಿಸಿದರೆ ಒಂದಕ್ಕೊಂದು ಹಿಡಿದುಕೊಂಡು ಪಟಪಟ ಹರಿಯುತ್ತದೆ. ಆದ್ದರಿಂದ ನೂಲನ್ನು ಬಯಲಲ್ಲಿ ಉದ್ದಕ್ಕೆ ಎಳೆದು ಹಾಸು ಕಟ್ಟಿ, ಅದಕ್ಕೆ ಅಂಟು ಬಳಿದು, ಬಿಸಿಲಿಗೆ ಒಣಗಿಸಬೇಕು. ಆ ಅಂಟೇ ಸರಿ. ಅದು ಹುಣಸೆ ಬೀಜದಿಂದಲೇ ಆಗಬೇಕು. ಜೋಳದ ಗಂಜಿ ಉಣ್ಣೆಗೆ ನಿಲ್ಲುವುದಿಲ್ಲ, ಮೈದಾ ಹಚ್ಚಿದರೆ ಹುಳ ಬೀಳುತ್ತದೆ. ಹುಣಸೆ ಸರಿ ಉಂಡ ಕಂಬಳಿ ಹಲಗೆಯಂತೆ ನಿಲ್ಲುತ್ತದೆ, ಮಳೆ ಬಿದ್ದರೆ ನೀರು ಜಾರಿ ಹೋಗುತ್ತದೆ. ನಾನು ಆ ಸರಿ ಕುದಿಸುವವಳು. ಮಗ್ಗಕ್ಕೆ ಕೂತವಳಲ್ಲ. ಕೊನೆಯವರೆಗೂ ಹಂಡೆಯ ಹತ್ತಿರವೇ ಇದ್ದೆ.

ಹುಣಸೆಯನ್ನು ಹುಳಿಗಾಗಿ ಮಾತ್ರ ನೋಡುವವರು ಮರವನ್ನು ಅರ್ಧವೂ ನೋಡಿಲ್ಲ. ಚಿಗುರು ಬೇಳೆಗೆ, ಎಳೆಕಾಯಿ ತೊಕ್ಕಿಗೆ, ಹಣ್ಣು ಸಾರಿಗೆ. ಹಳೆಯ ಹಣ್ಣು ಹಿತ್ತಾಳೆ ತಿಕ್ಕಲು. ಕಾಲು ಉಳುಕಿದರೆ ಹುಣಸೆ ಹಣ್ಣಿಗೆ ಉಪ್ಪು ಕಲಸಿ ಬಿಸಿ ಮಾಡಿ ಕಟ್ಟುತ್ತಿದ್ದೆವು. ಸಿಪ್ಪೆ ಒಲೆಗೆ. ಕಟ್ಟಿಗೆ ಒನಕೆಗೆ, ಮಾಂಸ ಕಡಿಯುವ ಕೊರಡಿಗೆ. ಬೀಜ ಮಾತ್ರ ಯಾರಿಗೂ ಬೇಡ, ಹುಡುಗರು ಆಡುತ್ತಿದ್ದರು, ಅಷ್ಟೇ. ಆ ಯಾರಿಗೂ ಬೇಡವಾದ ಬೀಜವೇ ನಮ್ಮ ಅನ್ನ.

ಬೀಜ ತರುತ್ತಿದ್ದವಳು ಮಾಬೂಬಿ. ಲಕ್ಷ್ಮೇಶ್ವರದವಳು. ಡಂಬಳ, ಡೋಣಿಯ ಕಡೆಯ ಮರಗಳನ್ನು ಅವಳ ಗಂಡ ಗುತ್ತಿಗೆ ಹಿಡಿಯುತ್ತಿದ್ದ. ಹಣ್ಣು ಬಡಿದು ಉದುರಿಸಿ, ಬೀಜ ಬಿಡಿಸಿ, ಹಣ್ಣನ್ನು ಗದಗಿನ ಪೇಟೆಗೆ ಕಳಿಸಿ, ಬೀಜವನ್ನು ನಮಗೆ ಹಾಕುತ್ತಿದ್ದಳು. ಬೀಜ ಪರೀಕ್ಷೆ ಮಾಡುವುದನ್ನು ಅವಳೇ ನನಗೆ ಕಲಿಸಿದಳು. “ನೀಲವ್ವಾ, ನೀರಾಗ ಹಾಕು. ತೇಲಿದ್ದು ಹುಳಾ ತಿಂದದ್ದು, ಮುಳುಗಿದ್ದು ನಿಂದು. ನನ್ನ ಮಾತು ನಂಬಬ್ಯಾಡ, ನೀರಿನ ಮಾತು ನಂಬು” ಎನ್ನುತ್ತಿದ್ದಳು. ತಾನು ಮಾರುವ ಮಾಲಿನ ಬಗ್ಗೆ ಹೀಗೆ ಹೇಳಿದ ಇನ್ನೊಬ್ಬ ವ್ಯಾಪಾರಸ್ಥರನ್ನು ನಾನು ಕಂಡಿಲ್ಲ.

ಬೀಜವನ್ನು ಮರಳಿನಲ್ಲಿ ಹುರಿಯಬೇಕು. ಕೆಂಪು ಸಿಪ್ಪೆ ಬಿರಿಯುತ್ತದೆ. ಒರಳಿಗೆ ಹಾಕಿ ಕುಟ್ಟಿ, ಕೇರಿ, ಬಿಳಿ ಬೇಳೆ ತೆಗೆದು ನೆನೆಹಾಕಬೇಕು. ಆಮೇಲೆ ಕುದಿಸಿ, ಕಲ್ಲಿನಲ್ಲಿ ಅರೆದು, ಮತ್ತೆ ನೀರು ಬೆರೆಸಿ ಹಂಡೆಯಲ್ಲಿ ಕುದಿಸಬೇಕು. ತಿರುವುವುದನ್ನು ನಿಲ್ಲಿಸಿದರೆ ತಳ ಹಿಡಿಯುತ್ತದೆ. ನಿಮಗೆ ಬಾಯಾರಿಕೆ ಆಗಲಿ, ಮಗು ಅಳಲಿ, ತಿರುವುವ ಹುಟ್ಟು ಕೈ ಬಿಡುವಂತಿಲ್ಲ. ಹುರಿಯುವಾಗಿನ ಹೊಗೆ ಕಣ್ಣು ತಿನ್ನುತ್ತದೆ. ಕೈಗಳ ಸಂದಿ ಬಿರಿಯುತ್ತದೆ, ಉಗುರು ಕಪ್ಪಾಗುತ್ತದೆ. ಸೀರೆಗೆ ಸಿಡಿದ ಸರಿ ಒಣಗಿ, ಸೆರಗು ತಗಡಿನಂತೆ ಸಪ್ಪಳ ಮಾಡುತ್ತದೆ. “ನೀಲವ್ವನ ಸೀರಿ ನೀಲವ್ವಗಿಂತ ಮೊದ್ಲ ಮನಿ ಮುಟ್ಟತೈತಿ” ಎಂದು ನೂಲುವ ಹೆಂಗಸರು ನಗುತ್ತಿದ್ದರು. ಬೀಗರ ಮನೆಗೆ ಹೋದಾಗ ನಾನು ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡೇ ಕೂರುತ್ತಿದ್ದೆ. ಇದನ್ನು ಈಗ ಕಲಿಯಲು ಬರುವವರು ತಿಳಿದುಕೊಂಡೇ ಬರಬೇಕು.

ನಮ್ಮ ಮೇಲಿನವನು ದ್ಯಾಮಣ್ಣ. ಮುದುಕ ನೇಕಾರ, ಅಂಗಳ ನಡೆಸುತ್ತಿದ್ದ ಕಂಬಳಿ ನೇಕಾರರ ಸಂಘದವರು ಅವನನ್ನೇ ಅಂಗಳದ ಹಿರಿಯನನ್ನಾಗಿ ಮಾಡಿದ್ದರು. ಸರಿಯನ್ನು ಎರಡು ಬೆರಳ ನಡುವೆ ಹಿಡಿದು ಬಿಡಿಸುತ್ತಿದ್ದ. ಎಳೆ ಹರಿಯದೆ ನಿಂತರೆ ತಲೆ ಅಲ್ಲಾಡಿಸುತ್ತಿದ್ದ. ಹರಿದರೆ ಬೆರಳನ್ನು ನನ್ನ ಕಡೆ ತೋರಿಸಿ ಸುಮ್ಮನೆ ನಿಲ್ಲುತ್ತಿದ್ದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಬೆರಳು ಬಹಳ ಕಷ್ಟ. ನಾನು ಸೇರಿದ ಹೊಸದರಲ್ಲಿ ಬೀಜ ಸರಿಯಾಗಿ ಹುರಿಯದೆ, ಸಿಪ್ಪೆ ಉಳಿಸಿ ಅರೆದುಬಿಟ್ಟಿದ್ದೆ. ಸರಿ ಬಳಿದ ಹಾಸು ಒಣಗಿದ ಮೇಲೆ ಮರಳು ಕಾಗದ ಆಗಿತ್ತು. ಮಗ್ಗಕ್ಕೆ ಕೂತವನ ಕೈ ತರಚಿತು. ಆ ದಿನ ದ್ಯಾಮಣ್ಣ ಬೆರಳನ್ನು ತೋರಿಸಲಿಲ್ಲ, ನೇಕಾರನ ಕೈಯನ್ನು ಹಿಡಿದು ತಂದು ನನ್ನ ಮುಂದೆ ತೋರಿಸಿದ. ಆಮೇಲೆ ಸಿಪ್ಪೆಯ ಒಂದು ಚೂರನ್ನೂ ನಾನು ಹಂಡೆಗೆ ಬಿಡಲಿಲ್ಲ.

ಇನ್ನೊಂದು ನನ್ನ ಎಮ್ಮೆಯ ಕಥೆ. ಇಲ್ಲಿಂದಲೇ ಎಲ್ಲ ಶುರು.

ಅಂಗಳದಲ್ಲಿ ದೊಡ್ಡ ಹುಣಸೆ ಮರ ಇತ್ತು. ಅದರ ಆಚೆಯ ಬಯಲಲ್ಲಿ ಹಾಸು ಕಟ್ಟುತ್ತಿದ್ದೆವು. ನೆರಳಲ್ಲಿ ಕಟ್ಟಿದರೆ ಸರಿ ಒಣಗದು. ಒಂದು ದಿನ ಡೋಣಿಯ ಕುರಿಗಾರರ ಮನೆಯ ಮದುವೆಗೆಂದು ಒಳ್ಳೆಯ ಕರಿ ಉಣ್ಣೆಯ ಹಾಸು ಬಿಸಿಲಲ್ಲಿತ್ತು. ನಾವು ಮರದ ಬುಡದಲ್ಲಿ ರೊಟ್ಟಿ ಬಿಚ್ಚಿದ್ದೆವು. ನಮ್ಮ ಎಮ್ಮೆ ಗೂಟ ಕಿತ್ತುಕೊಂಡು ಬಂದಿತ್ತು. ಯಾರೂ ನೋಡಲಿಲ್ಲ. ಅದು ಹಾಸಿನ ಆ ತುದಿಯಿಂದ ಶುರುಮಾಡಿ, ಕಣ್ಣು ಮುಚ್ಚಿ, ನಾಲಿಗೆ ಉದ್ದಮಾಡಿ, ದೇವರ ಪ್ರಸಾದ ನೆಕ್ಕಿದಂತೆ ನೆಕ್ಕುತ್ತ ಬಂದಿತ್ತು. ಹಸಿ ಸರಿಯ ಜೊತೆ ನೂಲೂ ಹರಿದು ಅದರ ಮೂಗಿಗೆ ಸುತ್ತಿಕೊಂಡಿತ್ತು.

“ಅಯ್ಯಯ್ಯೋ, ನೀಲವ್ವನ ಎಮ್ಮಿ ಕಂಬಳಿ ಹೊದ್ಕೊಂಡೈತಿ!” ಎಂದು ಫಕೀರವ್ವ ಮೊದಲು ಕೂಗಿದಳು.

ಎಲ್ಲರೂ ನಕ್ಕರು. ದ್ಯಾಮಣ್ಣ ನಗಲಿಲ್ಲ. “ಸಂಘ ಇರೋದು ನಿಮ್ಮ ಎಮ್ಮಿಗೆ ಉಣ್ಣಸಾಕೇನು?” ಎಂದ. ಆ ಹಾಸಿನ ನೂಲು ಬಿಡಿಸಿ ಗಂಟು ಹಾಕುವುದರಲ್ಲಿ ನನ್ನ ಬೆರಳು ಸತ್ತವು. ಫಕೀರವ್ವ ಕರೆಯದೆಯೇ ಪಕ್ಕದಲ್ಲಿ ಬಂದು ಕೂತು, ಗಂಟು ಹಾಕುತ್ತ, ನನ್ನ ಎಮ್ಮೆಯ ನಾಲಿಗೆಯನ್ನು ಹೊಗಳುತ್ತ ನಗಿಸಿದಳು. ಅವಳು ಶಿರಹಟ್ಟಿಯ ಮಗಳು, ನಮ್ಮ ಓಣಿಯ ಹಿಂದಿನ ಓಣಿಗೆ ಸೊಸೆಯಾಗಿ ಬಂದವಳು. ನೂಲು ಬಿಚ್ಚುವ, ಹಾಸು ಕಟ್ಟುವ ಕೆಲಸ ಅವಳದು. ಮಾತು ಜೋರು, ಸೆರಗು ಯಾವಾಗಲೂ ಚೊಕ್ಕ. ಎರಡು ಹೆಣ್ಣು, ಒಂದು ಗಂಡು. ಗಂಡ ಕೊರ್ಲಹಳ್ಳಿಯ ಕಡೆ ಹೊಳೆದಂಡೆಯಲ್ಲಿ ಉಸುಕಿನ ಕೆಲಸಕ್ಕೆ ಹೋದವನು ಬಂದರೆ ಬಂದ, ಇಲ್ಲದಿದ್ದರೆ ಇಲ್ಲ.

ಎಮ್ಮೆಗೆ ಸರಿ ಎಂದರೆ ಪ್ರಾಣ ಎಂಬುದು ಆ ದಿನ ಎಲ್ಲರಿಗೂ ಗೊತ್ತಾಯಿತು. ಅಂಗಳದಲ್ಲಿ ಒಂದು ರೂಢಿ ಇತ್ತು: ಸಂಜೆ ಹಂಡೆ ತೊಳೆಯುವ ಪಾಳಿ ಯಾರದೋ, ತಳದ ಸರಿ ಅವರದು. ಮೊದಲು ಅದನ್ನು ಕೌದಿಗೆ ಹಚ್ಚಲು ಒಯ್ಯುತ್ತಿದ್ದರು, ಇಲ್ಲವೇ ಚೆಲ್ಲುತ್ತಿದ್ದರು. ಈಗ ಎಮ್ಮೆಗೆ ಒಯ್ಯುವುದು ಶುರುವಾಯಿತು. ಎಮ್ಮೆ ಇದ್ದವರು ಎಮ್ಮೆಗೇ ಒಯ್ದರು, ಆಗ.

ಆಮೇಲೆ ಜೋಳ ತುಟ್ಟಿಯಾದ ವರ್ಷ ಬಂತು. ಎಪ್ಪತ್ತರ ದಶಕದ ಮೊದಲರ್ಧ. ಮಳೆಯ ಲೆಕ್ಕ ನಾನು ಹೇಳುವುದಿಲ್ಲ, ಅದನ್ನು ಎಲ್ಲರೂ ಹೇಳುತ್ತಾರೆ. ನಮಗೆ ಆದದ್ದು ಇಷ್ಟು: ಮೇವಿಲ್ಲದೆ ಕುರಿಗಾರರು ಹಿಂಡು ಹೊಡೆದುಕೊಂಡು ದೂರ ಹೋದರು, ಉಣ್ಣೆ ಬರಲಿಲ್ಲ, ವಾರದಲ್ಲಿ ಅರ್ಧ ದಿನ ಕೆಲಸ ಇಲ್ಲ. ಕೂಲಿಯೂ ಅರ್ಧ. ಆದರೆ ಹುಣಸೆ ಮರಕ್ಕೆ ಮಳೆಯ ಹಂಗು ಕಡಿಮೆ. ಅದು ಆ ವರ್ಷವೂ ಕಾಯಿ ಬಿಟ್ಟಿತು, ಮಾಬೂಬಿಯ ಬೀಜ ಬಂದೇ ಬಂತು.

ಅವಳೇ ಒಂದು ದಿನ ಚೀಲ ಇಳಿಸುತ್ತ ಹೇಳಿದಳು: “ನಮ್ಮ ನಾನಿ ಇದನ್ನ ಉಂಡು ಬದುಕಿದಾಕಿ. ಹುರಿದು, ಸಿಪ್ಪಿ ತಗದು, ಚಲೋ ಕುದಿಸಿದ್ರ ಹೊಟ್ಟಿ ನಿಲ್ಲತೈತಿ. ರುಚಿ ಮಾತ್ರ ಕೇಳಬ್ಯಾಡ.”

ಅಲ್ಲಿದ್ದ ಎಲ್ಲರೂ ಕೇಳಿಸಿಕೊಂಡರು. ಆ ವಾರದಿಂದ ಹಂಡೆ ತೊಳೆಯುವ ಪಾಳಿಗೆ ಜಗಳ ಶುರುವಾಯಿತು. ಮೊದಲು ಬೇಡ ಬೇಡ ಎನ್ನುತ್ತಿದ್ದವರು, “ಇವತ್ತು ನಂದು, ನಿನ್ನಿ ನೀ ತೊಳದಿಯಲ್ಲ” ಎನ್ನತೊಡಗಿದರು. ಎಲ್ಲರ ಬಾಯಲ್ಲೂ ಒಂದೇ ಮಾತು: “ನಮ್ಮ ಎಮ್ಮಿ ಹಾದಿ ಕಾಯಾಕತ್ತಿರತೈತಿ.” ಎಮ್ಮೆ ಇಲ್ಲದವರು ಕೂಡ ಹಾಗೇ ಹೇಳುತ್ತಿದ್ದರು. “ಅತ್ತಿ ಮನಿ ಎಮ್ಮಿಗೆ”, “ಬಾಜು ಮನಿ ಎಮ್ಮಿಗೆ”. ಮುಂಡರಗಿಯಲ್ಲಿ ಅಷ್ಟು ಎಮ್ಮೆ ಇದ್ದಿದ್ದರೆ ಊರಲ್ಲಿ ಹಾಲಿನ ಹೊಳೆ ಹರಿಯಬೇಕಿತ್ತು. ಕೇಳಿದವರು ಯಾರೂ “ಯಾವ ಎಮ್ಮಿ?” ಎನ್ನಲಿಲ್ಲ. ಹೇಳಿದವರಿಗೂ ಗೊತ್ತು, ಕೇಳಿದವರಿಗೂ ಗೊತ್ತು. ಸರಿ ತುಂಬಿದ ಬೋಗಾಣಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಣಿ ದಾಟುತ್ತಿದ್ದೆವು. ಎಮ್ಮೆಗೆ ಒಯ್ಯುವವರು ಯಾಕೆ ಮುಚ್ಚಬೇಕು, ಅದನ್ನೂ ಯಾರೂ ಕೇಳಲಿಲ್ಲ.

ನಾನೂ ಒಯ್ಯುತ್ತಿದ್ದೆ. ಮನೆಯಲ್ಲಿ ಉಪ್ಪು ಖಾರ ಹಾಕಿ, ಇದ್ದರೆ ಒಂದು ಉಳ್ಳಾಗಡ್ಡಿ ಹೆಚ್ಚಿ, ಇನ್ನೊಮ್ಮೆ ಕುದಿಸಿ ಮಕ್ಕಳಿಗೆ ಬಡಿಸುತ್ತಿದ್ದೆ. ನಾವೂ ತಿನ್ನುತ್ತಿದ್ದೆವು. ಗಂಟಲಿಗೆ ಅಂಟಿಕೊಳ್ಳುತ್ತದೆ, ಹೊಟ್ಟೆಯಲ್ಲಿ ಕಲ್ಲಿನಂತೆ ಕೂರುತ್ತದೆ. ಕೂರಲಿ ಎಂದೇ ತಿನ್ನುವುದು. ಆದರೆ ನಮ್ಮ ಮನೆಯಲ್ಲಿ ನಿಜವಾಗಿಯೂ ಎಮ್ಮೆ ಇತ್ತು. ಬಾಗಿಲ ಮುಂದೆ ಕಟ್ಟಿದ್ದು ಎಲ್ಲರಿಗೂ ಕಾಣುತ್ತಿತ್ತು. ಹೀಗಾಗಿ ನನ್ನ ಸುಳ್ಳಿಗೆ ಕಾಲು, ಕೋಡು, ಬಾಲ ಎಲ್ಲ ಇದ್ದವು. ಫಕೀರವ್ವನ ಎಮ್ಮೆಯನ್ನು ಆ ವರ್ಷದ ಶುರುವಿಗೇ ಮಾರಿಯಾಗಿತ್ತು. ಅವಳ ಸುಳ್ಳಿಗೆ ಏನೂ ಇರಲಿಲ್ಲ. ಮಾನದ ವಿಷಯ ಬಂದಾಗ ನನಗೆ ಈಗಲೂ ನೆನಪಾಗುವುದು ಇದೇ.

ನಡುವೆ ಒಂದು ಮಾತು. ಎಂಬತ್ತರ ದಶಕಕ್ಕೆ ಗದಗ-ಬೆಟಗೇರಿಯಿಂದ ಬೀಜದ ಹಿಟ್ಟು ಚೀಲದಲ್ಲೇ ಬರತೊಡಗಿತು. ಹುರಿಯುವುದಿಲ್ಲ, ಕುಟ್ಟುವುದಿಲ್ಲ, ನೀರಿಗೆ ಹಾಕಿ ತಿರುವಿದರೆ ಆಯಿತು. ಕಣ್ಣಿಗೆ ಹೊಗೆ ತಪ್ಪಿತು. ಗಂಟು ಕಟ್ಟದಂತೆ ತಣ್ಣೀರಲ್ಲಿ ಮೊದಲು ಕಲಸಿಕೊಳ್ಳಬೇಕು, ಇಲ್ಲದಿದ್ದರೆ ಹಾಸಿನ ಮೇಲೆ ಬೊಕ್ಕೆ ಎದ್ದಂತಾಗುತ್ತದೆ. ಹಳೆಯ ಸರಿಯೇ ಚೆನ್ನ ಎಂದು ನಾನು ಹೇಳುವುದಿಲ್ಲ. ಹಿಟ್ಟಿನ ಸರಿ ಒಂದೇ ಸಮ ಬರುತ್ತಿತ್ತು, ನಮ್ಮದು ನಮ್ಮ ಮನಸ್ಸು ಇದ್ದ ಹಾಗೆ ಬರುತ್ತಿತ್ತು. ಕಲಿಯುವವರು ಹಿಟ್ಟಿನದನ್ನೇ ಕಲಿಯಲಿ. ಇದೆಲ್ಲ ಹೇಳುತ್ತ ನಾನು ಆ ದಿನದ ಮಾತನ್ನು ಮುಂದೂಡುತ್ತಿದ್ದೇನೆ, ಗೊತ್ತು. ಆಯಿತು, ಹೇಳುತ್ತೇನೆ.

ಅದೇ ತುಟ್ಟಿಯ ವರ್ಷ ಗದಗಿನ ಅಂಗಡಿಯಿಂದ ನಮ್ಮ ಕಂಬಳಿಗಳು ವಾಪಸ್ಸು ಬಂದವು. ಗಂಟು ಬಿಚ್ಚಿದರೆ ಬೂಷ್ಟು ಹಿಡಿದಿತ್ತು, ನುಸಿ ತೂತು ಮಾಡಿತ್ತು. ಮಾರಾಟ ಇಲ್ಲದೆ ಬಹಳ ದಿನ ಗೋದಾಮಿನಲ್ಲಿ ಬಿದ್ದಿದ್ದವು. ಹಿಂದೆಯೇ ಅಲ್ಲಿಂದ ಒಬ್ಬ ಸಾಹೇಬರು ಬಂದರು. ವಯಸ್ಸು ಚಿಕ್ಕದು, ಮಾತು ಮೆತ್ತಗೆ, ಕೆಟ್ಟ ಮನುಷ್ಯ ಅಲ್ಲ. ಬಗಲಲ್ಲಿ ಒಂದು ಪೊಟ್ಟಣ. ಬಿಚ್ಚಿದರೆ ನೀಲಿ ಹರಳು, ನೋಡಲು ಚೆಂದ. ಮೈಲುತುತ್ತ. ಹೊಲದಲ್ಲಿ ಬಿತ್ತುವ ಬೀಜಕ್ಕೆ ಹಚ್ಚುತ್ತಾರಲ್ಲ, ಅದೇ.

“ಇನ್ನ ಮ್ಯಾಲೆ ಸರಿ ಇಳಿಸೋ ಮುಂದ ಇದನ್ನ ಕರಗಿಸಿ ಹಾಕ್ರಿ. ಬೂಷ್ಟು ಹಿಡಿಯಂಗಿಲ್ಲ, ಹುಳಾ ಮುಟ್ಟಂಗಿಲ್ಲ” ಎಂದರು.

“ಮನಷಾರು ಮುಟ್ಟಿದ್ರ?” ಎಂದೆ.

“ಕೈ ಚಲೋ ತೊಳಕೋರಿ. ಬಾಯಿಗೆ ಹೋಗಬಾರದು ನೋಡ್ರಿ, ಇದು ವಿಷ.”

ಅವರೇ ನಿಂತು ಹಾಕಿಸಿದರು. ನಾನೇ ತಿರುವಿದೆ. ಸರಿಯ ಬಣ್ಣ ಮೊದಲೇ ಮಣ್ಣಿನಂತೆ. ನೀಲಿ ಅದರಲ್ಲಿ ಎಲ್ಲಿ ಹೋಯಿತೋ ಕಾಣಲಿಲ್ಲ. ವಾಸನೆಯೂ ಇಲ್ಲ. ನನ್ನ ಕೈ ಹುಟ್ಟು ತಿರುವುತ್ತಿತ್ತು, ಕಣ್ಣು ಅಂಗಳದ ಆಚೆ ಹಾಸು ಕಟ್ಟುತ್ತಿದ್ದ ಫಕೀರವ್ವನ ಮೇಲಿತ್ತು. ಆ ಸಂಜೆ ಹಂಡೆ ತೊಳೆಯುವ ಪಾಳಿ ಅವಳದು. ಸಾಹೇಬರು ತುತ್ತದ ಮಾತು ಹೇಳಿದಾಗ ಅವಳು ದೂರ ಇದ್ದಳು, ಕೇಳಿರಲಿಲ್ಲ.

ಹೋಗಿ ಹೇಳಿಬಿಡಬಹುದಿತ್ತು, ಅಲ್ಲವೇ? ಆದರೆ ಏನೆಂದು ಹೇಳುವುದು? “ನಿನ್ನ ಮಕ್ಕಳಿಗೆ ತಿನ್ನಿಸಬೇಡ” ಎಂದರೆ, ನೀನು ತಿನ್ನಿಸುತ್ತೀ ಎಂದು ನನಗೆ ಗೊತ್ತು ಎಂದ ಹಾಗೆ. ಆ ಒಂದು ಮಾತನ್ನು ಆಡದೆ ನಾವೆಲ್ಲ ಅಷ್ಟು ತಿಂಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ದುಡಿದಿದ್ದೆವು. ಅದಕ್ಕೆ ನಾನು ಸುತ್ತಿ ಬಳಸಿ ಹೊರಟೆ. ಜನ್ಮದಲ್ಲಿ ನಾನು ಸುತ್ತಿ ಬಳಸಿ ಮಾತಾಡಿದ್ದು ಆ ಒಂದೇ ಸಲ, ಅದೂ ಕೆಟ್ಟಿತು.

ಸಂಜೆ ಅವಳು ಹಿತ್ತಾಳೆಯ ಬೋಗಾಣಿ ಹಿಡಿದು ಹಂಡೆಯ ಹತ್ತಿರ ಬಂದಳು. ತಳದ ಸರಿಯನ್ನು ಕೆರೆದು ತುಂಬಿಕೊಳ್ಳತೊಡಗಿದಳು. ಉಳಿದ ಹೆಂಗಸರು ಮರದ ಬುಡದಲ್ಲಿ ಬುತ್ತಿಗಂಟು ಕಟ್ಟುತ್ತಿದ್ದರು. ದ್ಯಾಮಣ್ಣನೂ ಸಾಹೇಬರೂ ಮಗ್ಗದ ಬಾಗಿಲಲ್ಲಿ ನಿಂತಿದ್ದರು.

“ಫಕೀರವ್ವಾ, ಇವತ್ತಿಂದು ಎಮ್ಮಿಗೆ ಒಯ್ಯಬ್ಯಾಡಬೇ” ಎಂದೆ, ಮೆಲ್ಲಗೆ.

“ಯಾಕ?”

“ಔಷಧ ಹಾಕ್ಯಾರ. ಎಮ್ಮಿಗೆ ಆಗಿ ಬರಂಗಿಲ್ಲ.”

ಅವಳು ನನ್ನ ಮುಖ ನೋಡಿದಳು. ನಾನು ಪಾಳಿ ಕಸಿದುಕೊಳ್ಳಲು ಹೇಳುತ್ತಿದ್ದೇನೆ ಎಂದುಕೊಂಡಳು. ಆ ದಿನಗಳಲ್ಲಿ ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು.

“ನಮ್ಮ ಎಮ್ಮಿ ಗಟ್ಟಿ ಐತಿ. ಏನೂ ಆಗಂಗಿಲ್ಲ.”

“ಆಗತೈತಿ. ಎಮ್ಮಿ ಸಾಯತೈತಿ.”

“ಸತ್ರ ನಮ್ಮ ಎಮ್ಮಿ ಸಾಯತೈತಿ. ನಿಮ್ಮ ಎಮ್ಮಿ ಹೊಟ್ಟಿ ತಂಪಿರಲಿ. ನಾಳಿ ನಿನ್ನ ಪಾಳಿ ಐತಲ್ಲ, ಆವಾಗ ಒಯ್ಯಿ” ಎಂದು ನಕ್ಕಳು. ಮರದ ಬುಡದಿಂದಲೂ ಒಂದು ನಗು ಬಂತು. “ನೀಲವ್ವನ ಎಮ್ಮಿ ಇಡೀ ಹಂಡೆ ಕೇಳತೈತ್ರವ್ವಾ” ಎಂದು ಯಾರೋ ಎಂದರು.

ಫಕೀರವ್ವ ಬೋಗಾಣಿಯನ್ನು ಸೊಂಟಕ್ಕೆ ಇಟ್ಟುಕೊಂಡು, ಸೆರಗು ಮುಚ್ಚಿ, ಬಾಗಿಲ ಕಡೆ ನಡೆದಳು. ನನ್ನ ಕಣ್ಣ ಮುಂದೆ ಅವಳ ಕಿರಿಯ ಮಗಳ ಮುಖ ಬಂತು. ತಟ್ಟೆ ನೆಕ್ಕುವ ವಯಸ್ಸು.

“ಎಮ್ಮಿ ಎಲ್ಲೈತಿ ನಿಂಗ?” ಎಂದು ನಾನು ಒದರಿದೆ. “ಮಾರಿ ಆರ ತಿಂಗಳಾತು! ಅದರಾಗ ವಿಷ ಐತಿ, ನಿನ್ನ ಹುಡುಗ್ರು ಸಾಯತಾವ! ಇಳಸು ಕೆಳಗ!”

ಅಂಗಳ ಪೂರ್ತಿ ಕೇಳಿತು. ಮಗ್ಗ ನಿಂತವು. ಮರದ ಬುಡದ ನಗು ನಿಂತಿತು.

ಫಕೀರವ್ವ ನಿಂತಳು. ಬೋಗಾಣಿಯನ್ನು ಇಳಿಸಿದಳು, ಬಿಸಾಡಲಿಲ್ಲ, ಮೆಲ್ಲಗೆ ನೆಲಕ್ಕೆ ಇಟ್ಟಳು. ಸೆರಗು ಸರಿಮಾಡಿಕೊಂಡಳು. ನನ್ನ ಕಡೆ ನೋಡಲಿಲ್ಲ. ಬರಿಗೈಯಲ್ಲಿ ಬಾಗಿಲು ದಾಟಿ ಹೋದಳು.

ಆಗ ಯಾರಾದರೂ ಒಬ್ಬರು, “ನಾವೂ ತಿಂತೀವಿ” ಎಂದಿದ್ದರೆ ಸಾಕಿತ್ತು. ಅಷ್ಟು ಜನ ಹೆಂಗಸರು ಬುತ್ತಿಗಂಟು ಕಟ್ಟುತ್ತಲೇ ಇದ್ದರು, ಆಗಲೇ ಕಟ್ಟಿದ್ದನ್ನು ಮತ್ತೆ ಬಿಚ್ಚಿ ಕಟ್ಟುತ್ತಿದ್ದರು. ನಾನೂ ಹೇಳಲಿಲ್ಲ. ನನ್ನ ಎಮ್ಮೆ ಇತ್ತಲ್ಲ.

ಸಾಹೇಬರ ಮುಖ ಕಪ್ಪಿಟ್ಟಿತ್ತು. “ಇದನ್ನ ತಿಂತಾರೇನು?” ಎಂದು ದ್ಯಾಮಣ್ಣನನ್ನು ಕೇಳಿದರು. ದ್ಯಾಮಣ್ಣ ನೆಲದ ಮೇಲಿನ ಬೋಗಾಣಿಯನ್ನು ನೋಡಿದ. “ಹಂಗಾರ ಇನ್ನ ಮ್ಯಾಲೆ ತಳದ್ದು ಉಳದದ್ದು ಗಟಾರಕ್ಕ ಚೆಲ್ಲಿಬಿಡ್ರಿ. ಯಾರೂ ಒಯ್ಯೋದು ಬ್ಯಾಡ” ಎಂದರು. ಅವರ ಲೆಕ್ಕದಲ್ಲಿ ಸರಿಯಾದ ಮಾತೇ. ವಿಷ ಬೆರೆತದ್ದನ್ನು ಚೆಲ್ಲಬೇಕು. ಆದರೆ ಆ ಮಾತಿನಿಂದ ಅಂಗಳದ ಎಲ್ಲ ಎಮ್ಮೆಗಳೂ ಒಂದೇ ಏಟಿಗೆ ಸತ್ತವು. ಅದಕ್ಕೂ ನನ್ನನ್ನೇ ನೋಡಿದರು ಹೆಂಗಸರು.

ಬೋಗಾಣಿಯಲ್ಲಿದ್ದುದನ್ನು ನಾನೇ ಚೆಲ್ಲಿದೆ. ಬೋಗಾಣಿಯನ್ನು ಮನೆಗೆ ತಂದೆ.

ನಮ್ಮ ಅತ್ತೆ ಕಟ್ಟೆಯ ಮೇಲೆ ಕೂತಿದ್ದಳು. ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. “ಚಲೋ ಮಾಡಿದಿ. ಹುಡುಗ್ರ ಜೀವ ಉಳಸಿದಿ” ಎಂದಳು. ಆಮೇಲೆ, “ಆಕಿ ಮನ್ಯಾಗ ಒಲಿ ಹೊತ್ತಿಲ್ಲಂತ. ಬಾಗಲಾ ಹಾಕ್ಕೊಂಡಾಳ. ನಾಳಿಂದ ಕೆಲಸಕ್ಕ ಬರಂಗಿಲ್ಲ ಅಂದಾಳಂತ, ಶಿರಹಟ್ಟಿಗೆ ತೌರಮನಿಗೆ ಹೊಂಟಾಳಂತ” ಎಂದಳು. ತವರಿನಲ್ಲಿ ಅವಳಿಗೆ ಯಾರೂ ಇರಲಿಲ್ಲ, ಒಬ್ಬ ಅಣ್ಣ, ಅವನ ಹೆಂಡತಿಯ ಬಾಯಿ ಎಲ್ಲರಿಗೂ ಗೊತ್ತು. ಅರ್ಧ ಕೂಲಿಯಾದರೂ ಇಲ್ಲಿ ಇತ್ತು. ಅಲ್ಲಿ ಏನು?

ನಮ್ಮ ಸಣ್ಣವ ಬಂದು ಬೋಗಾಣಿಯಲ್ಲಿ ಇಣುಕಿದ. “ಯವ್ವಾ, ಇವತ್ತು ಸರಿ ತಂದಿಲ್ಲೇನು?”

ಅತ್ತೆ ನನ್ನ ಮುಖ ನೋಡಿದಳು. ಬಾಗಿಲ ಮುಂದೆ ಎಮ್ಮೆ ಕೂಡ ತಲೆ ಎತ್ತಿ ನೋಡಿತು. ಆ ವರ್ಷವೆಲ್ಲ ಅದಕ್ಕೆ ಒಂದು ಹನಿ ಸರಿಯೂ ಸಿಕ್ಕಿರಲಿಲ್ಲ. ಹೆಸರು ಮಾತ್ರ ಅದರದು. ಫಕೀರವ್ವನ ಮಕ್ಕಳ ಜೀವ ಉಳಿಸಿದೆ, ಹೌದು. ಅದರ ಬಗ್ಗೆ ನನಗೆ ನಾಚಿಕೆ ಇಲ್ಲ. ಇನ್ನೊಮ್ಮೆ ಅದೇ ಸಂಜೆ ಬಂದರೂ ಒದರುತ್ತೇನೆ. ನಾಚಿಕೆ ಇರುವುದು ಆಮೇಲಿನ ಆ ಒಂದು ಗಳಿಗೆಯದು. ಅವಳು ಬರಿಗೈಯಲ್ಲಿ ಬಾಗಿಲು ದಾಟುತ್ತಿದ್ದಾಗ, ಅಂಗಳದ ಹೆಂಗಸರಲ್ಲಿ ಹಸಿದವಳು ಅವಳೊಬ್ಬಳೇ ಎಂದು ಸಾಹೇಬರು ತಿಳಿದುಕೊಂಡರು. ನಾನು ತಿಳಿದುಕೊಳ್ಳಲು ಬಿಟ್ಟೆ.

ಹುಣಸೆ ಹಣ್ಣಿನ ಒಂದು ಉಂಡೆ ತೆಗೆದುಕೊಂಡು ಬೋಗಾಣಿಯನ್ನು ತಿಕ್ಕಲು ಕೂತೆ. ತುತ್ತದ ಕಲೆ ಇರಬಾರದು. ಒಳಗೆ ತಿಕ್ಕಿದೆ, ಹೊರಗೆ ತಿಕ್ಕಿದೆ, ಕೈಯ ಬಿರುಕಿಗೆ ಹುಳಿ ಹೋಗಿ ಉರಿಯಿತು. ಉರಿಯಲಿ ಎಂದು ಇನ್ನೂ ತಿಕ್ಕಿದೆ. “ಸಾಕ್ ಬಿಡು, ತೂತು ಬಿದ್ದಾತು” ಎಂದಳು ಅತ್ತೆ. ಬೋಗಾಣಿ ಬಂಗಾರದ ಹಾಗೆ ಆಗಿತ್ತು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅಂಗಳಕ್ಕೆ ಹೋಗಿ, ನಿನ್ನೆಯ ತುತ್ತ ಉಳಿಯದಂತೆ ಹಂಡೆಯನ್ನೂ ಹುಟ್ಟನ್ನೂ ತಿಕ್ಕಿ ತಿಕ್ಕಿ ತೊಳೆದು ಹೂಡಿದೆ. ಸರಿ ಕುದಿದು, ಎಳೆ ಬರುವ ಹೊತ್ತಿಗೆ ಹೆಂಗಸರೆಲ್ಲ ಬಂದಿದ್ದರು. ಫಕೀರವ್ವ ಬಂದಿರಲಿಲ್ಲ. ತುತ್ತ ಇನ್ನೂ ಬೆರೆಸಿರಲಿಲ್ಲ, ಅದರ ಪೊಟ್ಟಣ ದ್ಯಾಮಣ್ಣನ ಕೈಯಲ್ಲಿತ್ತು. ನಾನು ಬೋಗಾಣಿ ತೆಗೆದುಕೊಂಡು, ಹಂಡೆಯ ತಳದಿಂದ ಅಲ್ಲ, ಮೇಲಿನಿಂದ, ಒಳ್ಳೆಯ ಸರಿಯನ್ನೇ ತುಂಬಿದೆ. ದ್ಯಾಮಣ್ಣ ಪೊಟ್ಟಣದ ದಾರ ಬಿಚ್ಚುತ್ತಿದ್ದವನು ಮತ್ತೆ ಗಂಟು ಹಾಕಿದ.

“ಎಮ್ಮಿಗೇನು?” ಎಂದ.

“ಅಲ್ಲ. ತಿನ್ನಾಕ” ಎಂದೆ.

ಅವನು ಹುಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ತಿರುವತೊಡಗಿದ. “ಹೋಗಿ ಬಾ. ತುತ್ತ ಆಮ್ಯಾಲ ಹಾಕಿದ್ರೂ ನಡೀತೈತಿ” ಎಂದ.

ಬೋಗಾಣಿಯನ್ನು ಸೆರಗಿನಲ್ಲಿ ಮುಚ್ಚಲಿಲ್ಲ. ಎರಡೂ ಕೈಯಲ್ಲಿ ಎದೆಯ ಮುಂದೆ ಹಿಡಿದುಕೊಂಡೆ, ಕಪ್ಪು ಉಗುರು, ಬಿರಿದ ಬೆರಳು ಎಲ್ಲ ಕಾಣುವ ಹಾಗೆ. ನೀರಿನ ಹೊತ್ತು, ನಳದ ಹತ್ತಿರ ಎರಡೂ ಓಣಿಯ ಹೆಂಗಸರು ಸಾಲಾಗಿ ಕೊಡ ಇಟ್ಟು ನಿಂತಿದ್ದರು. ಬೋಗಾಣಿ ಬಿಸಿಲಿಗೆ ಹೊಳೆಯುತ್ತಿತ್ತು, ಯಾರ ಬೋಗಾಣಿ ಎಂದು ಎಲ್ಲರಿಗೂ ಗೊತ್ತು.

“ಏನ್ ಒಯ್ಯಾಕತ್ತಿ ನೀಲವ್ವಾ?”

“ಹುಣಸಿ ಸರಿ. ನಾವು ತಿಂತೀವಿ. ಎಷ್ಟೋ ತಿಂಗಳಾತು, ನಮ್ಮ ಹುಡುಗ್ರೂ ತಿಂತಾವ.”

ಯಾರೂ ನಗಲಿಲ್ಲ. ಒಬ್ಬಳು ತನ್ನ ಕೊಡ ಸರಿಸಿ ಹಾದಿ ಬಿಟ್ಟಳು.

ಫಕೀರವ್ವನ ಬಾಗಿಲು ಹಾಕಿತ್ತು. ಒಳಗೆ ಗಂಟು ಕಟ್ಟುವ ಸಪ್ಪಳ, ಮಕ್ಕಳ ದನಿ. ನಾನು ಕೂಗಲಿಲ್ಲ. ಹೊಸ್ತಿಲ ಮುಂದೆ, ಓಣಿಗೆ ಮುಖ ಮಾಡಿ ಕೂತೆ. ಬೋಗಾಣಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಎಲ್ಲರೂ ನೋಡುತ್ತಿದ್ದ ಹಾಗೆ ಒಂದು ತುತ್ತು ಬಾಯಿಗೆ ಹಾಕಿದೆ. ಸುಡುತ್ತಿತ್ತು, ಸಪ್ಪಗಿತ್ತು, ಗಂಟಲಿಗೆ ಅಂಟಿಕೊಂಡಿತು. ಇನ್ನೊಂದು ತುತ್ತು ಹಾಕಿದೆ. ಒಳಗಿನ ಸಪ್ಪಳ ನಿಂತಿತು.

ಬಾಗಿಲಿಗೆ ಬೆನ್ನು ಕೊಟ್ಟುಕೊಂಡೇ ಹೇಳಿದೆ:

“ಫಕೀರವ್ವಾ, ಉಪ್ಪಿಲ್ಲ ಇದಕ್ಕ. ಒಂದೀಟು ಉಪ್ಪು ತಗೊಂಡು ಬಾ. ಹುಡುಗ್ರನ್ನೂ ಕರಕೊಂಡು ಬಾ.”